ಒಂಟಿ ಸೀನಿಗೆ ಕೂತ ಮೇಷ್ಟ್ರು

ಮಂಜ ಫೋನ್ ಮಾಡಿ, "ಅಕ್ಕ, ನಮ್ಮ ಇಂಗ್ಲಿಷ್ ಮೇಷ್ಟ್ರು ಹೋಗ್ಬಿಟ್ರಂತೆ," ಅಂದಾಗ ನನಗೆ ಮೊದಲು ಬಂದಿದ್ದು ಅಳು ಅಲ್ಲ, ಸಿಟ್ಟು. ಹೋಗೋ ಮನುಷ್ಯ ಒಂದು ಮಾತು ಹೇಳಿ ಹೋಗಬಾರದಿತ್ತಾ ಅನ್ನಿಸ್ತು. ಯಾವ ಮಾತು ಅಂತ ಮಂಜನಿಗೂ ಗೊತ್ತು. ಅವನು, ಇನ್ನೂ ಅದನ್ನೇ ಮನಸಲ್ಲಿ ಇಟ್ಕೊಂಡಿದೀಯಾ ಅಂತ ಕೇಳಿದ. ಇಟ್ಕೊಂಡಿದೀನಿ. ಏನೀಗ?

ಪರೀಕ್ಷೇಲಿ ಅವರು ನನ್ನ ಫೇಲ್ ಮಾಡಿದ್ರು. ಬರೀ ಫೇಲ್ ಮಾಡಿದ್ದಕ್ಕೆ ಇಷ್ಟು ವರ್ಷ ಯಾರೂ ತಲೆ ಕೆಡಿಸ್ಕೊಳ್ಳಲ್ಲ ಬಿಡಿ. ನಾನು ಹೇಳಿದ ಹಾಗೆ ಕೇಳಿ, ನಾನು ಕೊಟ್ಟ ನೀರು ಕುಡಿದು, ಥ್ಯಾಂಕ್ಸ್ ಅಂತಾನೂ ಹೇಳಿ, ಆಮೇಲೆ ಫೇಲ್ ಮಾಡಿದ್ರು. ಅದ್ಯಾಕೆ ಅಂತ ನನಗೆ ಅವತ್ತೂ ಅರ್ಥ ಆಗಲಿಲ್ಲ, ಇವತ್ತೂ ಆಗಿಲ್ಲ. ಈಗ ಕೇಳೋಣ ಅಂದ್ರೆ ಅವರೇ ಇಲ್ಲ.

ಏರ್‌ಪೋರ್ಟ್ ಶುರುವಾಗಿ ದೇವನಹಳ್ಳಿ ಸುತ್ತ ಹೋಟೆಲುಗಳು ಏಳ್ತಾ ಇದ್ದ ಕಾಲ ಅದು. ನಮ್ಮೂರ ಗಂಡು ಹುಡುಗರು ಕ್ಯಾಬ್ ಸ್ಟೀರಿಂಗ್ ಹಿಡಿದ್ರೆ ನಾವು ಹೆಣ್ಮಕ್ಕಳು ಬೆಡ್‌ಶೀಟ್ ಹಿಡಿದ್ವಿ. ನನ್ನ ಕೆಲಸ ಹೌಸ್‌ಕೀಪಿಂಗ್. ಅಂದ್ರೆ ರೂಮು ಗುಡಿಸಿ ಒರೆಸಿ, ಹಾಸಿಗೆ ಬದಲಾಯಿಸಿ, ಬಾತ್‌ರೂಮು ತೊಳೆದು, ಗೆಸ್ಟ್ ಬರೋದರೊಳಗೆ ಅಲ್ಲಿಗೆ ಯಾರೂ ಬಂದೇ ಇರಲಿಲ್ಲ ಅನ್ನೋ ಹಾಗೆ ಮಾಡಿ ಜಾಗ ಖಾಲಿ ಮಾಡೋದು. ನಾವು ಓಡಾಡ್ತಿದ್ದಿದ್ದು ಹಿಂದಿನ ಗೇಟು, ಹಿಂದಿನ ಲಿಫ್ಟು. ಮುಂದಿನ ಬಾಗಿಲಲ್ಲಿ ಗಾಜು, ಹೂವು, ತಣ್ಣನೆ ಗಾಳಿ. ಅಲ್ಲಿ ಫ್ರಂಟ್ ಡೆಸ್ಕ್ ಹಿಂದೆ ರೇಷ್ಮೆ ಸೀರೆ ಉಟ್ಕೊಂಡು ಹುಡುಗೀರು ನಿಂತಿರೋರು. ಅವರೆಲ್ಲ ಬೆಂಗಳೂರಿಂದ, ಇನ್ನೂ ಎಲ್ಲೆಲ್ಲಿಂದಲೋ ಬಂದೋರು. ನನಗೂ ಅಲ್ಲಿ ನಿಲ್ಲಬೇಕು ಅಂತ ಆಸೆ. ಸಣ್ಣ ಪುಟ್ಟ ಆಸೆ ಅಲ್ಲ, ಪ್ರಾಣ ಹೋಗೋ ಅಷ್ಟು ಆಸೆ. ನಮ್ಮಮ್ಮ ಒಂದು ದಿನ ಆ ಮುಂದಿನ ಬಾಗಿಲಿಂದ ಬರಬೇಕು, ನಾನು ಡೆಸ್ಕ್ ಹಿಂದೆ ನಿಂತು ಗುಡ್ ಮಾರ್ನಿಂಗ್ ಮೇಡಂ ಅನ್ನಬೇಕು, ಅವಳು ಸೆರಗು ಬಾಯಿಗೆ ಇಟ್ಕೊಂಡು ನಗಬೇಕು. ಟವಲ್ ಮಡಚುವಾಗೆಲ್ಲ ಇದನ್ನೇ ಕಣ್ಮುಂದೆ ತಂದ್ಕೋತಿದ್ದೆ.

ಅಂಥ ಹೊತ್ತಲ್ಲಿ ಹೋಟೆಲಿನೋರು ನಮಗೆ ಇಂಗ್ಲಿಷ್ ಕಲಿಸಕ್ಕೆ ಅಂತ ಒಬ್ಬರನ್ನ ಗೊತ್ತು ಮಾಡಿದ್ರು. ಟೈ ಕಟ್ಕೊಂಡು ಬೆಂಗಳೂರಿಂದ ಯಾರೋ ಬರ್ತಾರೆ ಅಂತ ನಾವು ತಲೆ ಬಾಚ್ಕೊಂಡು ಕಾದಿದ್ವಿ. ಬಂದಿದ್ದು ದೊಡ್ಡಬಳ್ಳಾಪುರದಿಂದ ಕೆಂಪು ಬಸ್ಸಲ್ಲಿ ಬಂದಿಳಿದ ಒಬ್ಬ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಮಣಿಕಟ್ಟಿನವರೆಗೂ ಗುಂಡಿ ಹಾಕಿದ ಬಿಳಿ ಶರ್ಟು, ಕಾಲಲ್ಲಿ ಚಪ್ಪಲಿ, ಹೆಗಲಲ್ಲಿ ಬಟ್ಟೆ ಚೀಲ. ಹೋಟೆಲ್ ಒಳಗೆ ಶೂ ಹಾಕಲೇಬೇಕು ಅಂತ ರೂಲ್ಸು. ಅವರು ಶೂನ ಚೀಲದಲ್ಲಿ ಹೊತ್ಕೊಂಡು ಬಂದು, ಹಿಂದಿನ ಗೇಟಿನ ಸೆಕ್ಯೂರಿಟಿಯವನ ಸ್ಟೂಲ್ ಮೇಲೆ ಕೂತು ಹಾಕ್ಕೊಳ್ಳೋರು. ಚಪ್ಪಲಿ ಚೀಲಕ್ಕೆ ಹೋಗೋದು. ಸಂಜೆ ಮತ್ತೆ ಅದೇ ಸ್ಟೂಲು, ಚಪ್ಪಲಿ ಕಾಲಿಗೆ, ಶೂ ಚೀಲಕ್ಕೆ. ಮನೆಯಿಂದಲೇ ಶೂ ಹಾಕ್ಕೊಂಡು ಬರಬಾರದಾ ಸರ್ ಅಂತ ಮಂಜ ಕೇಳಿದ್ದಕ್ಕೆ, ಇದು ಹೋಟೆಲಿನ ಕಾಲು, ಅದು ನನ್ನ ಕಾಲು ಕಣಪ್ಪ ಅಂದ್ರು. ಇದು ತಮಾಷೆಯೋ ನಿಜವಾಗ್ಲೂ ಹೇಳಿದ್ರೋ ಗೊತ್ತಾಗಲಿಲ್ಲ. ಅವರ ಮುಖ ನೋಡಿ ಏನನ್ನೂ ಕಂಡುಹಿಡಿಯಕ್ಕೆ ಆಗ್ತಿರಲಿಲ್ಲ.

ನಮ್ಮ ಕ್ಲಾಸು ನಡೀತಿದ್ದಿದ್ದು ನೆಲಮಾಳಿಗೇಲಿ, ಲಾಂಡ್ರಿ ಪಕ್ಕದ ರೂಮಲ್ಲಿ. ಗೋಡೆ ಆ ಕಡೆ ಮೆಷಿನ್ನುಗಳು ಗುರ್ ಅಂತಿರೋವು, ಗಂಜಿ ವಾಸನೆ, ಸೆಕೆ ಬೇರೆ. ಮಧ್ಯಾಹ್ನದ ಶಿಫ್ಟ್ ಬದಲಾಗೋ ಹೊತ್ತಲ್ಲಿ ನಾವು ಅಲ್ಲಿ ಸೇರ್ತಿದ್ವಿ. ಮೊದಲು ಮನೆ ಮಾತು. ಅಂದ್ರೆ ಪ್ರತಿಯೊಬ್ಬರೂ ಮನೇಲಿ ಏನಾಯ್ತು ಅಂತ ಕನ್ನಡದಲ್ಲಿ ಹೇಳಬೇಕು. ಯಾರ ಮನೇಲಿ ಹಸು ಕರು ಹಾಕ್ತು, ಯಾರ ಅತ್ತೆ ಮುನಿಸ್ಕೊಂಡ್ರು, ಯಾರ ನಾದಿನಿಗೆ ಗಂಡು ಗೊತ್ತಾಯ್ತು. ಮೇಷ್ಟ್ರು ಒಂದೊಂದಕ್ಕೂ ಬಿಡಿಸಿ ಬಿಡಿಸಿ ಕೇಳೋರು, ಸೊಪ್ಪು ಸೋಸುವ ಹೆಂಗಸರಿಗಿಂತ ಹೆಚ್ಚು. ಇದೆಲ್ಲ ಮುಗಿದ ಮೇಲೆ, "ಸರಿ, ಬಾಗಿಲು ಹಾಕಿ," ಅನ್ನೋರು. ಬಾಗಿಲು ಹಾಕಿದ ಮೇಲೆ ಕನ್ನಡ ಬಂದ್. ಅಲ್ಲಿಂದ ಮುಂದೆ ಗೆಸ್ಟನ್ನ ಏನೇನು ಕೇಳಬಾರದು ಅಂತ ಪಾಠ. ಊಟ ಆಯ್ತಾ ಅಂತ ಕೇಳಬಾರದು, ಮಕ್ಕಳೆಷ್ಟು ಅಂತ ಕೇಳಬಾರದು, ಯಾಕೆ ಒಬ್ಬರೇ ಬಂದಿದೀರಿ ಅಂತ ಕೇಳಲೇಬಾರದು. ಈಗ ತಾನೇ ನಮ್ಮನ್ನ ಅಷ್ಟೆಲ್ಲ ಕೆದಕಿ ಕೇಳಿದ ಮನುಷ್ಯ ಇವರೇನಾ ಅಂತ ನಾವು ಒಬ್ಬರ ಮುಖ ಒಬ್ಬರು ನೋಡ್ಕೋತಿದ್ವಿ.

ಹೋಟೆಲ್ ಇಂಗ್ಲಿಷು ಯೂನಿಫಾರ್ಮ್ ಇದ್ದ ಹಾಗೆ ಅನ್ನೋರು. ಬಂದ ತಕ್ಷಣ ಹಾಕ್ಕೊಳ್ಳಿ, ಹೋಗುವಾಗ ಬಿಚ್ಚಿಟ್ಟು ಹೋಗಿ, ಅದರಲ್ಲೇ ಮಲಗಬೇಡಿ ಅಂತ. ಯಾರಾದ್ರೂ ಹುಡುಗೀರು ಮನೆಗೆ ಹೋಗಿ ತಮ್ಮಂದಿರ ಹತ್ರ ಇಂಗ್ಲಿಷಲ್ಲಿ ಜಂಬ ಕೊಚ್ಚಿದ್ದು ಗೊತ್ತಾದ್ರೆ ಬೈಯೋರು. ಇಂಗ್ಲಿಷ್ ಮೇಷ್ಟ್ರೇ ಇಂಗ್ಲಿಷ್ ಮಾತಾಡಬೇಡಿ ಅಂತ ಬೈದ್ರೆ ಏನು ಮಾಡೋಣ ಹೇಳಿ.

ಹೋಟೆಲಲ್ಲಿ ಒಂದು ತುತ್ತೂ ತಿನ್ನಲಿಲ್ಲ ಅವರು. ನಮಗೆ ಕ್ಯಾಂಟೀನಲ್ಲಿ ಊಟ ಇತ್ತು, ಅವರಿಗೂ ಇತ್ತು. ಅವರು ಡಬ್ಬೀಲಿ ಅವಲಕ್ಕಿ ತಂದ್ಕೊಂಡು ಲಾಂಡ್ರಿ ಬಾಗಿಲಲ್ಲಿ ಕೂತು ತಿನ್ನೋರು. ಯಾಕೆ ಸರ್ ಅಂದ್ರೆ, ಊಟ ಹಾಕಿದೋರ ತಪ್ಪು ಹಿಡಿಯಕ್ಕಾಗಲ್ಲ ಕಣಮ್ಮ ಅಂದ್ರು. ಅವರು ಹೋಟೆಲಿನೋರ ತಪ್ಪು ಹಿಡಿದಿದ್ದನ್ನ ನಾನಂತೂ ನೋಡಲಿಲ್ಲ. ಹಿಡಿದಿದ್ದೆಲ್ಲ ನಮ್ಮ ತಪ್ಪನ್ನೇ.

ಇನ್ನು ಅವರ ಕನ್ನಡಕದ ವಿಷಯ ಹೇಳಬೇಕು, ಯಾಕಂದ್ರೆ ನನ್ನ ತಲೆ ಕೆಟ್ಟಿರೋದೇ ಅದರಿಂದ. ಪಾಠದಲ್ಲಿ ಗೆಸ್ಟ್ ಆಗ್ತಿದ್ದಿದ್ದು ಅವರೇ. ಕನ್ನಡಕ ಹಾಕ್ಕೊಂಡಿದ್ರೆ ಮೇಷ್ಟ್ರು, ತೆಗೆದು ಶರ್ಟಿನ ಜೇಬಿಗೆ ಇಟ್ರೆ ಗೆಸ್ಟು. ಇದು ಮೊದಲನೇ ದಿನಾನೇ ಮಾಡಿದ ಕರಾರು. ಕನ್ನಡಕ ತೆಗೆದ ಕೂಡಲೇ ಆ ಮನುಷ್ಯ ಬೇರೆಯೇ ಆಗೋರು. ಸೂಪು ತಣ್ಣಗಿದೆ ಅಂತ ಮೇಜು ಗುದ್ದೋರು, ಹಾಸಿಗೇಲಿ ಕೂದಲು ಸಿಕ್ತು ಅಂತ ಮೂಗು ಮುರಿಯೋರು. ಪಾಠಕ್ಕೆ ಅಂತಲೇ ಒಂದು ಹಳೇ ಸೂಟ್‌ಕೇಸು ಇತ್ತು. ಎತ್ತುವಾಗ ಭಾರ ಕಾಣಲಿ ಅಂತ ಅದರ ತುಂಬ ರದ್ದಿ ಪೇಪರ್ ತುಂಬಿದ್ರು. ಅದನ್ನ ಎಳ್ಕೊಂಡು ಏದುಸಿರು ಬಿಡ್ತಾ ಬಂದ್ರೆ ನಿಜವಾಗ್ಲೂ ದೂರದ ದೇಶದಿಂದ ಬಂದೋರ ಥರಾನೇ ಇರೋದು.

ಒಂದು ದಿನ ಕನ್ನಡಕ ತೆಗೆದು ಕುರ್ಚಿ ಮೇಲೆ ಕೂತು ಅಳಕ್ಕೆ ಶುರು ಮಾಡಿದ್ರು. ಇಂಗ್ಲಿಷಲ್ಲೇ ಅಳ್ತಾ ಹೇಳಿದ್ರು, ಊರಲ್ಲಿ ತಾಯಿ ತೀರ್ಕೊಂಡಿದಾರೆ, ನಾಳೆವರೆಗೂ ಫ್ಲೈಟ್ ಇಲ್ಲ ಅಂತ. ನಾವು ಕಲ್ಲಾಗಿ ನಿಂತ್ವಿ. ಕಣ್ಣಲ್ಲಿ ನಿಜವಾಗ್ಲೂ ನೀರು. ನನ್ನ ಪಕ್ಕದ ಹುಡುಗಿ ತಾನೂ ಅಳಕ್ಕೆ ಶುರು ಮಾಡಿದ್ಲು. ಸ್ವಲ್ಪ ಹೊತ್ತಾದ ಮೇಲೆ ಅವರು ಕಣ್ಣೊರೆಸ್ಕೊಂಡು, ಕನ್ನಡಕ ಹಾಕ್ಕೊಂಡು, ಯಾರೂ ಯಾಕೆ ಟಿಶ್ಯೂ ಡಬ್ಬ ಮುಂದಿಡಲಿಲ್ಲ ಅಂತ ಗದರಿದ್ರು. ಅವರ ತಾಯಿ ಯಾವಾಗ ಸತ್ರೋ ಏನೋ, ಯಾರಿಗೆ ಗೊತ್ತು.

ಮಂಜನ ವಾಚಿನ ಗಲಾಟೆ ಆಗಿದ್ದೂ ಆಗಲೇ. ಮಂಜ ಅಂದ್ರೆ ನನ್ನ ಜೊತೆ ಅದೇ ಮಹಡೀಲಿ ಕೆಲಸ ಮಾಡ್ತಿದ್ದ ದೇವನಹಳ್ಳಿ ಪಕ್ಕದ ವಿಜಯಪುರದ ಹುಡುಗ, ನನ್ನನ್ನ ಅಕ್ಕ ಅಂತಾನೇ ಕರೆಯೋನು. ಯಾರೋ ಗೆಸ್ಟು ವಾಚು ಕಾಣ್ತಿಲ್ಲ, ರೂಮ್ ಬಾಯ್ ಮೇಲೇ ಅನುಮಾನ ಅಂದ್ಬಿಟ್ರು. ಮಂಜ ಕದ್ದಿರಲಿಲ್ಲ. ನಮ್ಮ ಕಡೆ ಹುಡುಗ, ರೋಷ ಬಂದ್ಬಿಡ್ತು, ನೇರವಾಗಿ ಹೋಗಿ ಜಗಳ ಆಡ್ತೀನಿ ಅಂತ ಹೊರಟ. ಮೇಷ್ಟ್ರು ಅವನ ತೋಳು ಹಿಡಿದು ಲಾಂಡ್ರಿ ಪಕ್ಕದ ರೂಮಿಗೆ ಎಳ್ಕೊಂಡು ಹೋಗಿ, ನಿಮಗೆ ತೊಂದರೆ ಆಗಿದ್ದಕ್ಕೆ ಕ್ಷಮಿಸಿ ಸರ್ ಅನ್ನೋದನ್ನ ಇಂಗ್ಲಿಷಲ್ಲಿ ಬಾಯಿಪಾಠ ಮಾಡಿಸಿದ್ರು. ತಪ್ಪೇ ಮಾಡದೆ ಕ್ಷಮಿಸಿ ಅನ್ನೋದಾ ಅಂತ ನಾವೆಲ್ಲ ಕೂಗಾಡಿದ್ವಿ. ಅವರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಮಂಜ ಹೋಗಿ ಗಿಳಿ ಹಾಗೆ ಒಪ್ಪಿಸಿ ಬಂದ. ವಾಚು ಆ ಗೆಸ್ಟಿನ ಶೂ ಒಳಗೇ ಸಿಕ್ತು. ಮಂಜನ ಕೆಲಸ ಉಳೀತು. ಆದ್ರೆ ಆ ಹುಡುಗ ಒಂದು ವಾರ ಮೇಷ್ಟ್ರ ಹತ್ರ ಮಾತು ಬಿಟ್ಟಿದ್ದ. ಅವರು ಅವನನ್ನ ಉಳಿಸಿದ್ರೋ ಅವಮಾನ ಮಾಡಿದ್ರೋ ಅಂತ ನಾವು ಚಹಾ ಕುಡೀವಾಗೆಲ್ಲ ವಾದ ಮಾಡ್ತಿದ್ವಿ. ಯಾರೂ ಗೆಲ್ಲಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು. ಫ್ರಂಟ್ ಡೆಸ್ಕಿಗೆ ಒಳಗಿನೋರಲ್ಲೇ ಒಬ್ಬರನ್ನ ತಗೋತಾರೆ, ಒಂದೇ ಒಂದು ಜಾಗ, ಮೇಷ್ಟ್ರು ಪರೀಕ್ಷೆ ಮಾಡ್ತಾರೆ, ಟ್ರೈನಿಂಗ್ ಮೇಡಂ ಪಕ್ಕದಲ್ಲಿ ಕೂತು ನೋಡ್ತಾರೆ ಅಂತ. ಕ್ಲಾಸಲ್ಲಿ ನಾನೇ ಮುಂದಿದ್ದೆ. ಇದನ್ನ ನಾನೇ ಹೇಳ್ಕೋಬಾರದು, ಆದ್ರೆ ನಿಜ. ಮಂಜನೇ, ಅಕ್ಕ ಇದು ನಿನ್ನದೇ, ನಾವು ಸುಮ್ನೆ ಲೆಕ್ಕಕ್ಕೆ ನಿಲ್ಲೋದು ಅಂದಿದ್ದ. ನಾನು ಅಮ್ಮನಿಗೆ ಹೇಳಿಯೂ ಬಿಟ್ಟಿದ್ದೆ. ಅವಳು ಮುಂದಿನ ಬಾಗಿಲಿಂದ ಬರುವಾಗ ಯಾವ ಸೀರೆ ಉಡೋದು ಅಂತ ಯೋಚನೆ ಮಾಡ್ತಿದ್ಲು.

ನಮ್ಮ ಮನೆ ವಿಷಯ ಒಂದು ನಿಮಗೆ ಗೊತ್ತಿರಬೇಕು. ನಮ್ಮಲ್ಲಿ ಯಾರಾದ್ರೂ ಹೊರಡುವಾಗ ಒಂಟಿ ಸೀನು ಬಿದ್ರೆ ಹೊರಡೋ ಹಾಗಿಲ್ಲ. ಎರಡು ಬಿದ್ರೆ ಶುಭ, ಹೋಗಬಹುದು. ಒಂದೇ ಆದ್ರೆ ವಾಪಸ್ ಬಂದು ಕೂತು, ನೀರು ಕುಡಿದು, ಆಮೇಲೆ ಎದ್ದು ಹೋಗಬೇಕು. ಎಲ್ಲರ ಮನೇಲೂ ಇರುತ್ತೆ, ಆದ್ರೆ ನಮ್ಮಮ್ಮನಷ್ಟು ಹಟದಿಂದ ಯಾರೂ ಪಾಲಿಸಲ್ಲ. ನಮ್ಮಪ್ಪ ಸೀನಿಗೆ ಕೂತು ದೇವನಹಳ್ಳಿ ಬಸ್ಸು ತಪ್ಪಿಸ್ಕೊಂಡಿದ್ದಕ್ಕೆ ಲೆಕ್ಕ ಇಲ್ಲ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟಾಗಲೂ ಪಕ್ಕದ ಮನೆ ಅಜ್ಜಿ ಸೀನಿದ್ರು, ಅಮ್ಮ ನನ್ನ ಕೂರಿಸಿ ನೀರು ಕುಡಿಸಿಯೇ ಕಳಿಸಿದ್ಲು. ಇದನ್ನ ನಾನು ನಂಬ್ತೀನಾ ಅಂತ ಯಾರೂ ನನ್ನ ಕೇಳಿರಲಿಲ್ಲ. ಉಸಿರಾಡೋದನ್ನ ನಂಬ್ತೀಯಾ ಅಂತ ಯಾರಾದ್ರೂ ಕೇಳ್ತಾರಾ?

ಹೋಟೆಲಲ್ಲಿ ಗೆಸ್ಟ್ ಸೀನಿದ್ರೆ ಏನನ್ನಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ರು. ಬ್ಲೆಸ್ ಯೂ ಸರ್. ಅಷ್ಟೇ. ಚಿಕ್ಕ ಮಕ್ಕಳಿಗೂ ಬರುತ್ತೆ.

ಪರೀಕ್ಷೆ ನಡೆದಿದ್ದು ಲಾಬೀಲಿ, ಮಧ್ಯಾಹ್ನ ಜನ ಕಡಿಮೆ ಇರೋ ಹೊತ್ತಲ್ಲಿ. ನಾನು ಡೆಸ್ಕ್ ಹಿಂದೆ ನಿಂತೆ. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಇಟ್ಟು, ಆ ರದ್ದಿ ಪೇಪರ್ ಸೂಟ್‌ಕೇಸ್ ಎಳ್ಕೊಂಡು ಬಂದ್ರು. ರೂಮ್ ಖಾಲಿ ಮಾಡಿ ಫ್ಲೈಟ್ ಹಿಡಿಯಕ್ಕೆ ಅವಸರದಲ್ಲಿರೋ ಗೆಸ್ಟು. ಬಿಲ್ಲಲ್ಲಿ ಜಗಳ ತೆಗೆದ್ರು, ಸಮಾಧಾನ ಮಾಡಿದೆ. ಟ್ಯಾಕ್ಸಿ ಎಲ್ಲಿ ಅಂದ್ರು, ಬಾಗಿಲಲ್ಲಿ ನಿಂತಿದೆ ಸರ್ ಅಂದೆ. ನಮ್ಮ ಹೋಟೆಲಲ್ಲಿ ನಿಮಗೆ ಹಿತವಾಗಿತ್ತು ಅಂದ್ಕೊಂಡಿದೀನಿ ಅಂತ ಹೇಳಿದೆ. ಒಂದು ಅಕ್ಷರ ತಪ್ಪಲಿಲ್ಲ. ಮೇಡಂ ತಲೆ ಆಡಿಸ್ತಿದ್ದಿದ್ದು ನನಗೆ ಕಾಣ್ತಿತ್ತು. ಇನ್ನೇನು ಮುಗೀತು.

ಮೇಷ್ಟ್ರು ಸೂಟ್‌ಕೇಸ್ ಎತ್ಕೊಂಡು ಬಾಗಿಲ ಕಡೆ ತಿರುಗಿ ಒಂದು ಹೆಜ್ಜೆ ಇಟ್ರು, ಸೀನಿದ್ರು.

ಒಂದೇ ಸೀನು. ನಾನು ಎರಡನೇದಕ್ಕೆ ಕಾದೆ. ಬರಲಿಲ್ಲ. ಅವರು ಮತ್ತೆ ಹೆಜ್ಜೆ ಎತ್ತಿದ್ರು.

"ಸರ್, ಪ್ಲೀಸ್ ಸಿಟ್," ಅಂದೆ. "ಡ್ರಿಂಕ್ ಸಮ್ ವಾಟರ್, ದೆನ್ ಗೋ."

ನನ್ನ ಬಾಯಿಂದಲೇ ಬಂತಾ ಅದು ಅಂತ ನನಗೇ ಗಾಬರಿ ಆಯ್ತು. ಅವರು ತಿರುಗಿ, ಗೆಸ್ಟಿನ ದನೀಲಿ, ನನಗೆ ಫ್ಲೈಟ್ ಇದೆ ಅಂತ ಇಂಗ್ಲಿಷಲ್ಲೇ ಗದರಿದ್ರು. ಗೊತ್ತು ಸರ್, ಎರಡೇ ನಿಮಿಷ, ದಯವಿಟ್ಟು ಅಂತ ನಾನೂ ಇಂಗ್ಲಿಷಲ್ಲೇ ಅಂದೆ. ಅಷ್ಟಕ್ಕೆ ಬಿಟ್ಟಿದ್ರೆ ಏನೋ. ಡೆಸ್ಕ್ ಬಿಟ್ಟು ಹೊರಗೆ ಬಂದ್ಬಿಟ್ಟೆ, ಅದು ಡೆಸ್ಕಿನೋರು ಮಾಡಲೇಬಾರದ ಕೆಲಸ. ಕುರ್ಚಿ ಎಳೆದೆ. ಗೆಸ್ಟುಗಳಿಗೆ ಅಂತ ಇಟ್ಟಿದ್ದ ನೀರು ಲೋಟಕ್ಕೆ ಬಗ್ಗಿಸಿ ಕೈಗೆ ಕೊಟ್ಟೆ.

ಅವರು ನನ್ನನ್ನ ನೋಡಿದ್ರು. ಆಮೇಲೆ ಕೂತ್ರು. ನಾಟಕಕ್ಕೆ ಕುಡಿಯೋರು ತುಟಿಗೆ ತಾಗಿಸಿ ಇಡ್ತಾರೆ. ಅವರು ಲೋಟ ಎತ್ತಿ ಗಟಗಟ ಅಂತ ಪೂರ್ತಿ ಕುಡಿದ್ರು. ಥ್ಯಾಂಕ್ಸ್ ಅಂದ್ರು. ಇಂಗ್ಲಿಷಲ್ಲಿ ಅಂದ್ರೋ ಕನ್ನಡದಲ್ಲಿ ಅಂದ್ರೋ ಹೇಗೆ ಹೇಳೋದು, ನಮ್ಮಲ್ಲಿ ಎರಡಕ್ಕೂ ಅದೇ ಮಾತು. ಎರಡು ನಿಮಿಷ ಅಂದಿದ್ದೆನಲ್ಲ, ಪೂರ್ತಿ ಕೂತು, ಎದ್ದು, ಸೂಟ್‌ಕೇಸ್ ಎತ್ಕೊಂಡು ಬಾಗಿಲವರೆಗೂ ಹೋಗಿ ಬಂದ್ರು. ಟ್ರೈನಿಂಗ್ ಮೇಡಮ್ಮಿಗೆ ಒಂದೂ ಅರ್ಥ ಆಗಲಿಲ್ಲ ಅನ್ಸುತ್ತೆ, ಪೆನ್ನು ಹಿಡ್ಕೊಂಡು ನಮ್ಮಿಬ್ಬರನ್ನೂ ನೋಡ್ತಾ ಇದ್ರು.

ಸಂಜೆ ನೆಲಮಾಳಿಗೇಲಿ ಮೇಷ್ಟ್ರೇ ಬಂದು ಹೇಳಿದ್ರು. ಮಂಜ ಪಾಸು, ನಾನು ಫೇಲು.

"ಇಂಗ್ಲಿಷ್ ತಪ್ಪಿತ್ತಾ ಸರ್?" ಅಂದೆ.

"ಇಲ್ಲ."

"ಮತ್ತೆ?"

"ಫ್ಲೈಟ್ ಹಿಡಿಯೋ ಗೆಸ್ಟನ್ನ ತಡೀಬಾರದು ಕಣಮ್ಮ."

"ನೀವು ಕೂತ್ರಲ್ಲ ಸರ್?"

ಅವರು ಕನ್ನಡಕ ತೆಗೆದು ಶರ್ಟಿನ ಅಂಚಿಗೆ ಒರೆಸಿ ಮತ್ತೆ ಹಾಕ್ಕೊಂಡ್ರು. "ಕೂತೆ," ಅಂದ್ರು. ಶೂ ಬಿಚ್ಚಕ್ಕೆ ಹಿಂದಿನ ಗೇಟಿನ ಕಡೆ ಹೋದ್ರು.

ಅವತ್ತಿಂದ ನನಗೆ ಒಂದೇ ಯೋಚನೆ. ಕೂತವರು ಯಾರು? ಗೆಸ್ಟೇ ಕೂತಿದ್ರೆ ಗೆಸ್ಟು ನನ್ನ ಮಾತು ಒಪ್ಪಿದ ಹಾಗಾಯ್ತು, ಆಗ ನಾನು ಪಾಸು. ಮೇಷ್ಟ್ರು ಕೂತಿದ್ರೆ ಅವರೂ ನನ್ನಂಥವರೇ ಆದ್ರು, ಆಗ ನನ್ನ ಫೇಲ್ ಮಾಡಕ್ಕೆ ಅವರಿಗೆ ಯಾವ ಮುಖ ಇದೆ? ಕನ್ನಡಕ ಇತ್ತಾ ಇರಲಿಲ್ವಾ ಅಂತ ನೆನಪು ಮಾಡ್ಕೊಂಡೆ. ಸೀನಿದ್ರಲ್ಲ, ಕರ್ಚೀಫು ಬೇಕಾಗಿ ಜೇಬಿಗೆ ಕೈ ಹಾಕಿದಾಗ ಕನ್ನಡಕಾನೂ ಜೊತೇಲಿ ಬಂದ್ಬಿಟ್ಟಿತ್ತು. ಕೂತು ನೀರು ಕುಡಿಯೋ ಹೊತ್ತಲ್ಲಿ ಅದು ಮುಖದ ಮೇಲೂ ಇರಲಿಲ್ಲ, ಜೇಬಲ್ಲೂ ಇರಲಿಲ್ಲ. ಕೈಯಲ್ಲಿತ್ತು. ಈಗ ಏನಂತ ತೀರ್ಮಾನ ಮಾಡೋದು ನೀವೇ ಹೇಳಿ.

ಅದೆಲ್ಲ ಮೇಡಂ ಒತ್ತಾಯ ಇರಬೇಕು ಅಂತ ಮಂಜ ಅಂದ. ಬೇಕಂತಲೇ ಸೀನಿದಾರೆ, ಅದೂ ಪರೀಕ್ಷೇಲಿ ಒಂದು ಪ್ರಶ್ನೆ ಅಂತ ಇನ್ನೊಬ್ಬಳು ಅಂದ್ಲು. ನಾನು ಮನೆಗೆ ಹೋಗಿ ಅಮ್ಮನ ಮುಂದೆ ಗೊಳೋ ಅಂತ ಅತ್ತೆ. ಅವಳು ಪೂರ್ತಿ ಕೇಳಿಸ್ಕೊಂಡು, ಕೂತ್ರು ತಾನೆ, ಆಮೇಲೆ ಅವರಿಗೆ ಏನೂ ಆಗಲಿಲ್ಲ ತಾನೆ ಅಂದ್ಲು. ಏನೂ ಆಗಲಿಲ್ಲ ಅಂದೆ. ಹಂಗಾದ್ರೆ ಸರಿ ಬಿಡು ಅಂತ ಒಲೆ ಮುಂದೆ ಹೋದ್ಲು. ಡೆಸ್ಕು ಹೋಯ್ತು, ಸೀರೆ ಪೆಟ್ಟಿಗೇಲೇ ಉಳೀತು, ಇವಳಿಗೆ ಸರಿ ಅಂತೆ. ಅಮ್ಮ ಅವತ್ತಿಂದ ಇವತ್ತಿನವರೆಗೂ ಮುಂದಿನ ಬಾಗಿಲಿಂದ ಬಂದಿಲ್ಲ. ಈಗ ಕರೆದ್ರೂ ಮಂಡಿ ನೋವು ಅಂತಾಳೆ.

ಮಂಜ ಆ ಡೆಸ್ಕಲ್ಲಿ ಬಹಳ ದಿನ ಉಳೀಲಿಲ್ಲ. ನ‌ಕ್ಕು ನಕ್ಕು ದವಡೆ ನೋವು ಬರ್ತಿದೆ ಅಕ್ಕ ಅಂತ ಬಿಟ್ಟು, ಸ್ವಂತ ಕ್ಯಾಬ್ ತಗೊಂಡ. ಅಷ್ಟೊತ್ತಿಗೆ ಮೇಷ್ಟ್ರ ಕಾಂಟ್ರಾಕ್ಟ್ ಮುಗಿದು ಹೋಟೆಲಿಗೆ ಬರೋದು ನಿಂತಿತ್ತು. ನಾನು ಹೌಸ್‌ಕೀಪಿಂಗಲ್ಲೇ ಮೇಲೆ ಬಂದೆ. ಈಗ ಸೂಪರ್‌ವೈಸರು, ಹೊಸ ಹುಡುಗೀರಿಗೆ ನಾನೇ ಹೇಳಿಕೊಡೋದು. ಮೊನ್ನೆ ರಾಜಘಟ್ಟದ ಕಡೆ ಹುಡುಗಿಯೊಬ್ಬಳು, ಗೆಸ್ಟ್ ಸೀನಿದ್ರೆ ಏನನ್ನಬೇಕು ಮೇಡಂ ಅಂತ ಕೇಳಿದ್ಲು. ಬ್ಲೆಸ್ ಯೂ ಅನ್ನು ಅಂದೆ. ಹೊರಡುವಾಗ ಒಂಟಿ ಸೀನು ಬಿದ್ರೆ ಅಂದ್ಲು. ನಡೀರಿ ಚಹಾ ಕುಡಿಯೋಣ ಅಂತ ಕ್ಲಾಸು ಮುಗಿಸಿಬಿಟ್ಟೆ.

ನಡುವೆ ಒಂದು ಸಲ ಮೇಷ್ಟ್ರು ಸಿಕ್ಕಿದ್ರು. ದೊಡ್ಡಬಳ್ಳಾಪುರ ಬಸ್‌ಸ್ಟ್ಯಾಂಡಲ್ಲಿ. ಯಾವುದೋ ಮದುವೆಗೆ ಹೋಗಿ ಬರ್ತಿದ್ದೆ. ಅದೇ ಚೀಲ, ಅದೇ ಬಿಳಿ ಶರ್ಟು. ಊಟ ಆಯ್ತಾ, ಮಕ್ಕಳೆಷ್ಟು, ಗಂಡ ಏನು ಮಾಡ್ತಾನೆ, ಎಲ್ಲ ಬಿಡಿಸಿ ಕೇಳಿದ್ರು. ಹೊಟ್ಟೇಲಿದ್ದಿದ್ದನ್ನ ಕೇಳೇಬಿಡೋಣ ಅಂತ ನಾನು ಬಾಯಿ ತೆಗೆಯೋ ಹೊತ್ತಿಗೆ ಅವರ ಬಸ್ಸು ಬಂತು. ಬರ್ತೀನಮ್ಮ ಅಂತ ಹೋಗಿ ಮೆಟ್ಟಿಲ ಮೇಲೆ ಕಾಲಿಟ್ಟವರು, ಕಾಲು ತೆಗೆದು ವಾಪಸ್ ಬಂದು ಬೆಂಚಿನ ಮೇಲೆ ಕೂತ್ರು. ಬಾಟಲಿ ತೆಗೆದು ನೀರು ಕುಡಿದ್ರು. ಬಸ್ಸು ಹೋಗೇ ಹೋಯ್ತು. ನನ್ನ ಹತ್ರ ಏನೋ ಹೇಳಬೇಕು ಅಂತ ಇಳಿದು ಬಂದ್ರು ಅಂದ್ಕೊಂಡು ನಾನು ಬೆಂಚಿನ ಹತ್ರ ಹೋಗಿ ನಿಂತೆ. ಏನೂ ಹೇಳಲಿಲ್ಲ. ಸುಮ್ಮನೆ ಜನ ಓಡಾಡೋದನ್ನ ನೋಡ್ತಾ ಕೂತಿದ್ರು. ನನಗೂ ಬಸ್ಸು ಬಂತು, ಹತ್ತಿಬಿಟ್ಟೆ. ಮನುಷ್ಯನಿಗೆ ವಯಸ್ಸಾಯ್ತು, ಬುದ್ಧಿ ಅತ್ತಿತ್ತ ಆಗಿದೆ ಅಂದ್ಕೊಂಡೆ.

ಸುದ್ದಿ ಬಂದ ಮಾರನೇ ದಿನ ಮಂಜನ ಕ್ಯಾಬಲ್ಲಿ ಅವರ ಮನೆಗೆ ಹೋದ್ವಿ. ಮಗ್ಗಗಳ ಬೀದಿ, ಪಕ್ಕದ ಮನೇದು ಮಾತ್ರ ಅವತ್ತು ನಿಲ್ಲಿಸಿದ್ರು. ಮಣ್ಣು ಹಿಂದಿನ ದಿನವೇ ಆಗಿತ್ತು. ನಡುಮನೇಲಿ ದೀಪ, ಗೋಡೆಗೆ ಒರಗಿ ಅವರ ಹೆಂಡತಿ. ಬಾಗಿಲ ಮೊಳೆಗೆ ಆ ಬಟ್ಟೆ ಚೀಲ ನೇತು ಹಾಕಿದ್ರು, ಅದರೊಳಗೆ ಏನೋ ಭಾರವಾಗಿ ಜೋತು ಬಿದ್ದಿತ್ತು. ಶೂನೇ ಇರಬೇಕು. ಅದನ್ನ ನೋಡಿದ ಮೇಲೆ ನನಗೆ ಅಳು ಬಂತು. ಸಿಟ್ಟೂ ಹಂಗೇ ಇತ್ತು, ಎರಡೂ ಒಟ್ಟಿಗೆ.

ಏರ್‌ಪೋರ್ಟ್ ಹೋಟೆಲಲ್ಲಿ ಸಾರ್ ಹತ್ರ ಕಲಿತೋರು ಅಂತ ಮಂಜ ಹೇಳಿದ. ಆ ಅಮ್ಮ ತಲೆ ಎತ್ತಿ, ಅಲ್ಲಿ ಯಾರೋ ಒಬ್ಬಳು ಸೀನಿದ್ದಕ್ಕೆ ಅವರನ್ನ ಕೂರಿಸಿದ್ಲಂತಲ್ಲ, ಅವಳು ಯಾರು ಅಂತ ಕೇಳಿದ್ರು. ಮಂಜ ನನ್ನ ಕಡೆ ತೋರಿಸಿದ. ಅವರು ನನ್ನನ್ನ ಬಹಳ ಹೊತ್ತು ನೋಡಿದ್ರು. ಬೈತಾರೋ ಏನೋ ಅಂತ ನನಗೆ ಭಯ ಆಯ್ತು.

ಬೈಯಲಿಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿದ್ರು. ಮದುವೆ ಆಗಿ ಬಂದಾಗಿಂದ ಆ ಮನುಷ್ಯ ಒಂದು ಸೀನಿಗೂ ಕೂತೋರಲ್ಲವಂತೆ. ಅವರ ತಾಯಿ ಕೈ ಮುಗಿದು ಕೇಳ್ಕೊಂಡ್ರೂ, ಸೀನು ಮೂಗಿಂದು, ಕಾಲಿಂದಲ್ಲ ಅಂತ ಇನ್ನೂ ಬೇಗ ಬೇಗ ಹೋಗೋರಂತೆ. ಆ ಹೋಟೆಲಿಂದ ಬಂದ ಒಂದು ದಿನದಿಂದ ಬದಲಾಗಿಬಿಟ್ರು ಅಂದ್ರು. ಯಾರೇ ಸೀನಲಿ, ಮನೆಯೋರಾಗಲಿ ಬೀದೀಲಿ ಹೋಗೋರಾಗಲಿ, ಹೊರಟ ಮನುಷ್ಯ ವಾಪಸ್ ಬಂದು ಕೂತು ನೀರು ಕೇಳೋರಂತೆ. ಇದೇನು ಹೊಸ ಪದ್ಧತಿ ಅಂತ ಇವರು ಚುಡಾಯಿಸಿದ್ದಕ್ಕೆ ಒಂದು ಸಲ ಮಾತ್ರ ಉತ್ತರ ಕೊಟ್ಟಿದ್ರಂತೆ.

"ಇದಕ್ಕೋಸ್ಕರ ಒಬ್ಬಳಿಗೆ ಕೆಲಸ ತಪ್ಪಿದೆ ಕಣೆ. ಸುಮ್ಮನೆ ಎದ್ದು ಹೋಗಕ್ಕಾಗಲ್ಲ, ಅಂದ್ರು," ಅಂತ ಆ ಅಮ್ಮ ಹೇಳಿದ್ರು.

ತಪ್ಪಿಸಿದ್ದು ಯಾರು ಮತ್ತೆ, ಅಂತ ನಾಲಿಗೆ ತುದೀಗೆ ಬಂತು. ಸಾವಿನ ಮನೇಲಿ ಹಾಗೆಲ್ಲ ಅನ್ನಕ್ಕಾಗುತ್ತಾ? ನನ್ನ ಯಾಕೆ ಫೇಲ್ ಮಾಡಿದ್ರು ಅಂತ ಏನಾದ್ರೂ ಹೇಳಿದ್ರಾ ಅಮ್ಮ ಅಂತ ಮೆಲ್ಲಗೆ ಕೇಳಿದೆ. ಅವರು ತಲೆ ಅಲ್ಲಾಡಿಸಿದ್ರು. ಅಂಥದ್ದೆಲ್ಲ ಮನೇಲಿ ಹೇಳೋರಲ್ಲ, ಬೇಕಾದ್ದನ್ನ ಮಾತ್ರ ಹೇಳೋರು ಅಂದ್ರು. ಆಗ ನನಗೆ ಬಸ್‌ಸ್ಟ್ಯಾಂಡ್ ನೆನಪಾಯ್ತು. ಮೆಟ್ಟಿಲ ಮೇಲಿಂದ ಕಾಲು ತೆಗೆದಿದ್ದು, ಬೆಂಚಿನ ಮೇಲೆ ಕೂತು ನೀರು ಕುಡಿದಿದ್ದು. ಅಷ್ಟು ಜನದಲ್ಲಿ ಯಾರೋ ಸೀನಿರಬೇಕು. ನನಗೆ ಕೇಳಿಸಿರಲಿಲ್ಲ, ಅವರಿಗೆ ಕೇಳಿಸಿತ್ತು. ನನ್ನ ಕಣ್ಣೆದುರಿಗೇ ಕೂತು ಬಸ್ಸು ಬಿಟ್ಟಿದ್ರು, ನಾನು ಬುದ್ಧಿ ಕೆಟ್ಟಿದೆ ಅಂದ್ಕೊಂಡಿದ್ದೆ.

ಹೇಗಾಯ್ತು ಅಂತ ಮಂಜ ಕೇಳಿದ. ಬೆಳಿಗ್ಗೆ ಹಾಲು ತರ್ತೀನಿ ಅಂತ ಹೊರಟ್ರಂತೆ. ಬೀದಿ ತುದೀಲಿ ಬಿದ್ದವರು ಮತ್ತೆ ಏಳಲಿಲ್ಲವಂತೆ. ಆ ಅಮ್ಮ ಅಳಲಿಲ್ಲ, ಸೆರಗಿನ ತುದಿ ಸುತ್ತಿ ಸುತ್ತಿ ಬಿಚ್ಚುತ್ತಾ ಇದ್ರು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ರು.

"ಅವತ್ತು ಯಾರೂ ಸೀನಲಿಲ್ಲ ಕಣಮ್ಮ," ಅಂದ್ರು.

ಹೊರಡೋ ಗೆಸ್ಟಿಗೆ ಹೇಳಕ್ಕೆ ಎಷ್ಟೊಂದು ಮಾತು ಕಲಿಸಿದ್ರು ಅವರು. ಸುಖವಾಗಿ ಹೋಗಿ, ಮತ್ತೆ ಬನ್ನಿ, ನಿಮಗಾಗಿ ಕಾಯ್ತಿರ್ತೀವಿ ಅಂತ ಇಂಗ್ಲಿಷಲ್ಲಿ ಬಗೆಬಗೆಯಾಗಿ. ಸಾವಿನ ಮನೆಯಿಂದ ಏಳುವಾಗ ಕನ್ನಡದಲ್ಲಿ ಬರ್ತೀನಿ ಅಂತಾನೂ ಅನ್ನಬಾರದು. ಹೇಳದೆ ಕೇಳದೆ ಎದ್ದು ಬರಬೇಕು. ಹಾಗೇ ಎದ್ದು ಚಪ್ಪಲಿ ಮೆಟ್ಟಿದೆ. ಮಂಜ ಮುಂದೆ ಹೋಗಿ ಗಾಡಿ ಸ್ಟಾರ್ಟ್ ಮಾಡಿದ.

ನಾನು ಹೊಸಿಲು ದಾಟಿದವಳು ಜಗಲಿ ಮೇಲೆ ಕೂತ್ಬಿಟ್ಟೆ. ಸ್ವಲ್ಪ ಹೊತ್ತಿಗೆ ಒಳಗಿಂದ ಆ ಅಮ್ಮ ಒಂದು ಲೋಟ ನೀರು ತಂದು ಪಕ್ಕದಲ್ಲಿ ಇಟ್ಟು ಒಳಗೆ ಹೋದ್ರು. ಸೂತಕದ ಮನೇಲಿ ನೀರು ಮುಟ್ಟಬಾರದು ಅಂತ ನಮ್ಮಮ್ಮ ಹೇಳ್ತಾಳೆ. ಪೂರ್ತಿ ಕುಡಿದೆ. ಮಂಜ ಗಾಡಿಯಿಂದ ಇಳಿದು ಬಂದ.

"ಯಾರಾದ್ರೂ ಸೀನಿದ್ರೇನಕ್ಕ?"

"ಇಲ್ಲ."

"ಮತ್ಯಾಕೆ ಕೂತೆ?"

"ಕೂತೆ," ಅಂದೆ.